ಉರಿ ಒಳಗೆ, ಬಿರುಕು ಹೊರಗೆ

ವಿಮಾನ ನಿಲ್ದಾಣ

ನನ್ನ ಕೈಚೀಲದಲ್ಲಿ ದಾರಕ್ಕೆ ಕಟ್ಟಿದ ಒಂದು ಸಣ್ಣ ಅಯಸ್ಕಾಂತ ಯಾವಾಗಲೂ ಇರುತ್ತದೆ. ಲೋಹಗಳ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಾಗ ಹತ್ತಿದ ಅಭ್ಯಾಸ, ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದಾಗ ಅಲ್ಲಿನ ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದೇನು ಎಂದು ಕೇಳಿದರು.

"ಅಯಸ್ಕಾಂತ."

"ಯಾಕೆ?"

"ಉಕ್ಕು ಎಂದು ಹೇಳಿ ಕೊಟ್ಟದ್ದು ನಿಜವಾಗಿ ಏನು ಅಂತ ನೋಡುವುದಕ್ಕೆ."

ಅವರು ಸ್ವಲ್ಪ ಯೋಚಿಸಿ, ಮುಂದಕ್ಕೆ ಬಾಗಿ, ತಮ್ಮ ಬೆಲ್ಟಿನ ಬಕಲಿನ ಹತ್ತಿರ ದಾರವನ್ನು ಇಳಿಬಿಟ್ಟರು. ಅಯಸ್ಕಾಂತ ಅತ್ತ ತಿರುಗಿಯೂ ನೋಡಲಿಲ್ಲ. ಗಟ್ಟಿ ಉಕ್ಕು ಎಂದು ಅಂಗಡಿಯವನು ಹೇಳಿದ್ದನಂತೆ. ಅದು ಸತು ಎರಕ, ಮೇಲೆ ಹೊಳಪು ಹಾಕಿದ್ದಾರೆ ಎಂದೆ. ಅವರ ಮುಖ ಬಾಡಿತು. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ನಮ್ಮ ಕಡೆಯಾಗಿದ್ದರೆ ಹಿಂದಿನವರು ಇಷ್ಟು ಹೊತ್ತಿಗೆ ಬಕಲಿನ ಬಗ್ಗೆ ತಮ್ಮ ತಮ್ಮ ಅಭಿಪ್ರಾಯ ಹೇಳಿರುತ್ತಿದ್ದರು. ಇಲ್ಲಿ ಎಲ್ಲರೂ ತಮ್ಮ ಬೂಟುಗಳನ್ನು ನೋಡುತ್ತ ನಿಂತಿದ್ದರು.

"ಮಕ್ಕಳನ್ನು ನೋಡಲು ಬಂದಿದ್ದೀರಾ?" ಎಂದು ಅವರು ಮುದ್ರೆ ಒತ್ತುತ್ತ ಕೇಳಿದರು. ನನ್ನ ವಯಸ್ಸಿನ ಹೆಂಗಸರಿಗೆಲ್ಲ ಕೇಳುವ ಪ್ರಶ್ನೆಯಿರಬೇಕು.

"ಇಲ್ಲ. ಒಂದು ಬಿರುಕನ್ನು ನೋಡಲು."

ಅದು ನಿಜವೇ ಆಗಿತ್ತು. ವಸುಧಾ ಎಂಬ ಹುಬ್ಬಳ್ಳಿಯ ಹುಡುಗಿ ಹಿಂದೆ ಬೆಂಗಳೂರಿನಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವಳು. ಈಗ ಇಲ್ಲಿ ಅವಳದೇ ಒಂದು ಚಿಕ್ಕ ಕಂಪನಿಯಿದೆ. ಕಾಡ್ಗಿಚ್ಚಿನ ಮೇಲೆ ಹಾರಿ ಬೆಂಕಿ ಎತ್ತ ತಿರುಗುತ್ತಿದೆ ಎಂದು ನೋಡಿಬರುವ ಪೈಲಟ್ ಇಲ್ಲದ ವಿಮಾನಗಳಿಗೆ ಸಣ್ಣ ಜೆಟ್ ಎಂಜಿನ್ ಮಾಡುತ್ತಾರೆ. ಆ ಎಂಜಿನ್ನಿನ ಹೊಟ್ಟೆಯಲ್ಲಿ, ಉರಿ ಇರುವ ಜಾಗದ ಸುತ್ತ, ತೂತುಗಳಿರುವ ತೆಳು ತಗಡಿನ ಒಂದು ಕೊಳವೆ ಇರುತ್ತದೆ. ಅದಕ್ಕೆ ಲೈನರ್ ಎನ್ನುತ್ತೇವೆ. ಅದನ್ನು ಯಾವ ಲೋಹದಲ್ಲಿ ಮಾಡಬೇಕೆಂದು ವಸುಧಾ ಫೋನಿನಲ್ಲಿ ಕೇಳಿದಾಗ ಒಂದು ನಿಕಲ್ ಮಿಶ್ರಲೋಹವನ್ನು ಆರಿಸಿಕೊಟ್ಟವಳು ನಾನು. ಮೊದಲ ದೀರ್ಘ ಓಟದಲ್ಲೇ ಲೈನರು ಮೂರು ಕಡೆ ಬಿರುಕು ಬಿಟ್ಟಿತು. ಎರಡನೇ ಎಂಜಿನ್ನೂ ಹೀಗೇ ಆದರೆ ಎಂಜಿನ್ ಕೊಳ್ಳುವ ಪ್ಲೆಸೆಂಟನ್ ಊರಿನ ಗ್ರಾಹಕರು ಬೇರೆ ಕಡೆ ಹೋಗುತ್ತಾರೆ, ವಸುಧಾಳ ಅಂಗಡಿ ಮುಚ್ಚುತ್ತದೆ. ಆರಿಸಿದ್ದು ನೀವಲ್ಲವೇ ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ಅನ್ನದೇ ಇದ್ದದ್ದಕ್ಕೇ ನಾನು ಟಿಕೆಟ್ ತೆಗೆಸಿದೆ.

ಸನ್ನಿವೇಲ್

ವಸುಧಾಳ ಅಪಾರ್ಟ್‌ಮೆಂಟು ಇರುವುದು ಸನ್ನಿವೇಲಿನಲ್ಲಿ. ಎಷ್ಟೇ ದೂರ ಹಾರಿ ಬಂದಿದ್ದರೂ ನಾನು ಐದಕ್ಕೆ ಏಳುತ್ತೇನೆ, ಹಾಸಿಗೆ ಮಡಿಸುತ್ತೇನೆ, ವಾಕಿಂಗ್ ಹೊರಡುತ್ತೇನೆ. ಹೊರಗೆ ಕಂಡ ಮೊದಲನೆಯ ಮನುಷ್ಯ ಮಕ್ಕಳ ತಳ್ಳುಗಾಡಿ ದೂಡುತ್ತಿದ್ದ. ಮಗು ನೋಡೋಣವೆಂದು ಬಗ್ಗಿದರೆ ಒಳಗೆ ಕಂಬಳಿ ಹೊದ್ದ ಮುದಿ ನಾಯಿ. "ಗುಡ್ ಮಾರ್ನಿಂಗ್" ಎಂದ. ನಾನೂ ನಿಂತು ಗುಡ್ ಮಾರ್ನಿಂಗ್ ಹೇಳಿ, ಹೆಸರೇನು, ಯಾವ ಕಡೆಯವರು, ನಾಯಿಗೆ ಏನಾಗಿದೆ ಎಂದು ಕೇಳಿದೆ. ಅವನಿಗೆ ಗಾಬರಿಯಾಯಿತು. ಇಲ್ಲಿನ ಪದ್ಧತಿ ಅಷ್ಟೇ: ಗುರುತಿಲ್ಲದವರಿಗೆಲ್ಲ ನಮಸ್ಕಾರ ಉಂಟು, ನಿಲ್ಲುವುದಿಲ್ಲ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಯಾರೂ ನಮಸ್ಕಾರ ಹೇಳುವುದಿಲ್ಲ, ಆದರೆ ಕೈಯಲ್ಲಿರುವ ಸೊಪ್ಪು ಎಲ್ಲಿಂದ ತಂದಿರಿ ಎಂದು ಕೇಳದೆ ಬಿಡುವುದೂ ಇಲ್ಲ. ಎರಡನೇ ದಿನದಿಂದ ನಾನೂ ನಿಲ್ಲದೆ ಹೇಳುವುದನ್ನು ರೂಢಿಸಿಕೊಂಡೆ. ನಡಿಗೆಯ ವೇಗ ಕೆಡುವುದಿಲ್ಲ, ಒಳ್ಳೆಯ ಏರ್ಪಾಡು.

ವಾಪಸು ಬಂದಾಗ ವಸುಧಾ ಅವಲಕ್ಕಿ ಮಾಡುತ್ತಿದ್ದಳು.

"ಮೇಡಂ, ನೀವು ಬಂದ್ರಿ ಅಂದ್ರ ನನಗ ಅರ್ಧ ಜೀವ ಬಂತ್ರೀ. ಇವತ್ತ ರೆಸ್ಟ್ ತಗೋರಿ. ನಾಳೆ ಶಾಪಿಗೆ ಹೋಗೂಣು."

"ರೆಸ್ಟ್ ವಿಮಾನದಲ್ಲಿ ಆಯಿತು. ಎಷ್ಟು ಗಂಟೆಗೆ ಹೊರಡುತ್ತೀ?"

"ನೀವು ಸ್ವಲ್ಪನೂ ಬದಲಾಗಿಲ್ಲ ಬಿಡ್ರಿ" ಎಂದು ಅವಳು ನಕ್ಕಳು. ಊಟದ ಮೇಜಿನಲ್ಲಿದ್ದ ಅವಳ ಮಗಳು ಅನಿಕಾಗೆ ಎಂಟೋ ಒಂಬತ್ತೋ ವಯಸ್ಸು. "ಇವರು ಅಮ್ಮನ ಬಾಸ್ ಆಗಿದ್ರು" ಎಂದು ವಸುಧಾ ಹೇಳಿದಾಗ ಆ ಮಗು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಸೋ ಶಿ ಕ್ಯಾನ್ ಟೆಲ್ ಯು ವಾಟ್ ಟು ಡೂ?" ಎಂದಿತು. ಬಹಳ ಆಸೆ ಇತ್ತು ಆ ಧ್ವನಿಯಲ್ಲಿ.

ಮಾರ್ಗನ್ ಹಿಲ್

ಅಂಗಡಿ, ಎಂದರೆ ವಸುಧಾಳ ವರ್ಕ್‌ಶಾಪು, ಇರುವುದು ದಕ್ಷಿಣದ ಮಾರ್ಗನ್ ಹಿಲ್‌ನಲ್ಲಿ. ಫ್ರೀವೇ ಮೇಲೆ ಎಲ್ಲರೂ ಎದುರು ದಿಕ್ಕಿಗೆ ತೆವಳುತ್ತಿದ್ದರೆ ನಾವು ನಿರಾಳವಾಗಿ ಹೋದೆವು. ಒಂದು ಪಕ್ಕ ನೆಲಹಾಸಿನ ಕಲ್ಲು ಮಾರುವವರು, ಇನ್ನೊಂದು ಪಕ್ಕ ಭಾರ ಎತ್ತುವ ಜಿಮ್, ನಡುವೆ ವಸುಧಾಳ ಶೆಡ್ಡು. ಬಾಗಿಲು ತೆರೆದೊಡನೆ ಲೇತಿನ ಎಣ್ಣೆ ವಾಸನೆ ಮೂಗಿಗೆ ಬಡಿಯಿತು. ಅಮೆರಿಕಕ್ಕೆ ಬಂದ ಮೇಲೆ ನನಗೆ ಊರು ನೆನಪಾದದ್ದು ಆಗಲೇ.

ವಸುಧಾ ಇಬ್ಬರನ್ನು ಪರಿಚಯಿಸಿದಳು. ರಮೋನ್ ಯಂತ್ರದ ಕೆಲಸದವರು, ಐವತ್ತು ದಾಟಿದ ಗಂಭೀರ ಮನುಷ್ಯ, ಸ್ಪ್ಯಾನಿಷ್ ಮಾತಿನ ಮನೆಯವರು. ಅವರ ಸ್ಪ್ಯಾನರುಗಳು ಗೋಡೆಯ ಮೇಲೆ ಗಾತ್ರದ ಪ್ರಕಾರ ತೂಗಿದ್ದವು. ನೋಡಿದ ಕೂಡಲೇ ನನಗೆ ಹಿಡಿಸಿದರು. ಇನ್ನೊಬ್ಬ ಕಾರ್ತಿಕ್, ಎಂಜಿನ್ನಿನ ವಿನ್ಯಾಸ ಅವನದು, ಮೈಸೂರಿನವನು. ಅವನ ಮೇಜಿನ ಕಡೆ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಮೀಟಿಂಗು ಸೇರಿತು. ಕಾರ್ತಿಕ್ ಬಾಳೆಹಣ್ಣು ಸುಲಿಯುತ್ತ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, "ವಸುಧಾ, ಯು ಆರ್ ರಾಂಗ್" ಎಂದು ಮಾತು ಶುರುಮಾಡಿದ. ಯಜಮಾನಿಯನ್ನು ಹೆಸರು ಹಿಡಿದು ಕರೆದು, ತಪ್ಪು ಎಂದು ಹೇಳಿ, ಮೇಲೆ ಹಣ್ಣು ತಿನ್ನುವುದು. ನಮ್ಮಲ್ಲಿ ನಿರ್ದೇಶಕರು ತಪ್ಪು ಹೇಳಿದರೆ "ಸರ್, ನನಗೇ ಸರಿಯಾಗಿ ತಿಳಿದಿಲ್ಲವೇನೋ" ಎಂದು ಆರಂಭಿಸಿ ವಿಷಯಕ್ಕೆ ಬರುವಷ್ಟರಲ್ಲಿ ಊಟದ ಸೈರನ್ ಆಗುತ್ತಿತ್ತು. ಇವರದು ಬೇಗ ಮುಗಿಯುತ್ತದೆ. ಹಣ್ಣನ್ನು ಮಾತ್ರ ನಾನು ಒಪ್ಪುವುದಿಲ್ಲ.

"ಮೇಡಂ, ಬೇಜಾರು ಮಾಡ್ಕೋಬೇಡಿ" ಎಂದ. "ಆ ನಿಕಲ್ ಅಲಾಯ್ ನಮ್ಮ ಟೆಂಪರೇಚರ್‌ಗೆ ಸಾಕಾಗ್ತಿಲ್ಲ. ಮಾಲಿಬ್ಡಿನಮ್ ಹಾಕೋಣ. ಅದು ಕರಗೋ ಬಿಸಿಗೆ ಇದು ನೀರಾಗಿ ಹರಿದುಹೋಗಿರುತ್ತೆ."

"ಗಾಳಿಯಲ್ಲಿ ಕಾಯಿಸಿ ನೋಡಿದ್ದೀಯಾ?"

"ಇಲ್ಲ."

"ಕರ್ಪೂರ ನೋಡಿದ್ದೀಯಲ್ಲ? ಕರಗುವುದಕ್ಕೂ ಕಾಯುವುದಿಲ್ಲ, ಹೊಗೆಯಾಗಿ ಹೋಗುತ್ತದೆ. ಮಾಲಿಬ್ಡಿನಮ್ಮಿನದೂ ಅದೇ ಕಥೆ. ಬಿಸಿ ಗಾಳಿ ತಗುಲಿದರೆ ಮೇಲ್ಮೈ ಹೊಗೆಯಾಗಿ ಹೊರಡುತ್ತದೆ, ತಗಡು ಸವೆಯುತ್ತದೆ."

"ಹಾಗಿದ್ರೆ ಸಿರಾಮಿಕ್."

"ಒಳ್ಳೆಯದು. ಉರಿಯಲ್ಲಿ ಗಟ್ಟಿ ನಿಲ್ಲುತ್ತದೆ. ಹಾರಾಡುವಾಗ ಎಂಜಿನ್ ಒಮ್ಮೆ ಆರಿ, ತಣ್ಣನೆ ಗಾಳಿ ನುಗ್ಗಿ, ಮತ್ತೆ ಹೊತ್ತಿಕೊಂಡರೆ? ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹೊಯ್ದ ಹಾಗೆ. ಸರಿಯಾದ ಸಿರಾಮಿಕ್ ಮಾಡಬಹುದು, ಆದರೆ ಇಡೀ ಎಂಜಿನ್ನಿನ ನಕ್ಷೆ ಅದಕ್ಕಾಗಿ ಮತ್ತೆ ಬರೆಯಬೇಕು."

ಉರಿಗೆ ಲೋಹ ಆರಿಸುವುದೆಂದರೆ ಕರಗುವ ಬಿಸಿಯನ್ನು ಓದಿ ಮೊದಲನೆಯ ರ‍್ಯಾಂಕ್ ಕೊಡುವುದಲ್ಲ. ಕೆಂಪಗೆ ಕಾದಿರುವಾಗ ತನ್ನ ಭಾರಕ್ಕೆ ತಾನೇ ಹಪ್ಪಳದ ಹಿಟ್ಟಿನ ಹಾಗೆ ಜೋಲಬಾರದು. ಗಾಳಿ ತಿಂದು ಸವೆಯಬಾರದು. ಕಾದು ತಣಿದು ಕಾದು ತಣಿದು ಸಿಟ್ಟಾಗಬಾರದು. ತೆಳ್ಳಗೆ ತಟ್ಟಿದರೆ ತಟ್ಟಿಸಿಕೊಳ್ಳಬೇಕು, ಬೆಸೆದರೆ ಬೆಸುಗೆ ಹಿಡಿಯಬೇಕು. ಇದೆಲ್ಲದರಲ್ಲೂ ಒಂದಿಷ್ಟು ಒಂದಿಷ್ಟು ಪಾಸಾಗುವ ಲೋಹವೇ ಕೊನೆಗೆ ಕೆಲಸಕ್ಕೆ ಬರುವುದು. ನಾನು ಆರಿಸಿದ್ದು ಅಂಥದ್ದು. ಅದನ್ನು ಸಾವಧಾನವಾಗಿ ಹೇಳಿ ಮುಗಿಸಿದೆ.

"ಎಲ್ಲಾ ಸರಿ ಮೇಡಂ" ಎಂದ ಕಾರ್ತಿಕ್. "ಆದ್ರೆ ಅದು ಒಡೀತಲ್ಲ?"

ಒಡೆದ ಲೈನರನ್ನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಡಿಸಿದೆ. ಭೂತಗನ್ನಡಿ ಹಿಡಿದು ಸುತ್ತಲೂ ನೋಡಿದೆ. ಮೂರು ಬಿರುಕು. ಎಂಜಿನ್ನಿಗೆ ಇಂಧನ ಚಿಮ್ಮುವ ಕೊಳವೆಗಳೂ ಮೂರು. ಬಿರುಕುಗಳು ಸರಿಯಾಗಿ ಅವುಗಳ ನೇರಕ್ಕೇ ಇದ್ದವು. ಉರಿ ಹೆಚ್ಚಾದಲ್ಲಿ ಲೋಹ ಸೋತಿದೆ ಎಂಬುದು ಕಾರ್ತಿಕನ ವಾದ. ಯಾರಾದರೂ ಹಾಗೇ ಹೇಳುತ್ತಿದ್ದರು. ಆದರೆ ಲೈನರಿನ ಒಳಮುಖ, ಉರಿ ಕಂಡ ಮುಖ, ಹಿತ್ತಾಳೆ ಬಣ್ಣಕ್ಕೆ ತಿರುಗಿ ನಯವಾಗಿತ್ತು. ಬಿರುಕು ಹೊರಗೆ ಅಗಲವಾಗಿತ್ತು, ಒಳಗೆ ಕೂದಲೆಳೆಯಷ್ಟಿತ್ತು.

"ಉರಿ ಒಳಗಿದೆ" ಎಂದೆ. "ಬಿರುಕು ಹೊರಗಿನಿಂದ ಹುಟ್ಟಿದೆ. ಯಾಕೆ?"

ಲೈನರು ಪೆಟ್ಟಿಗೆಯಿಂದ ಹೊರಬಂದಾಗಿನಿಂದ ಎಂಜಿನ್ನಿನೊಳಗೆ ಕೂರುವವರೆಗೆ ಯಾರು ಯಾರು ಮುಟ್ಟಿದರು, ಏನೇನು ತಗುಲಿತು ಹೇಳಿ ಎಂದು ಕೇಳಿದೆ. ಪೆನ್ಸಿಲಿನಲ್ಲಿ ಗುರುತು ಹಾಕಿದಿರಾ? ಪೆನ್ಸಿಲಿನ ಕರಿ ಕೂಡ ಕಾದ ನಿಕಲ್ಲಿನೊಳಕ್ಕೆ ಇಳಿಯುತ್ತದೆ. ಇಲ್ಲ. ಸತು ಲೇಪದ ತಂತಿ? ಇಲ್ಲ. ಬರಿಗೈ? ರಮೋನ್‌ಗೆ ನೋವಾಯಿತು. "ನಾನು ಕೈಗವಸು ತೆಗೆಯುವುದು ಊಟಕ್ಕೆ ಮಾತ್ರ" ಎಂದರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ. ಜೋಡಿಸುವ ಮುಂಚೆ ದ್ರಾವಕದಲ್ಲಿ ಒರೆಸುತ್ತಾರಂತೆ. ಎಲ್ಲವೂ ನಾನೇ ಕಲಿಸಿದಷ್ಟು ಶಿಸ್ತಾಗಿ ನಡೆದಿತ್ತು. ಅದೇ ನನಗೆ ಸಿಟ್ಟು ತರಿಸಿತು.

ವಾರದ ಕೊನೆಯವರೆಗೆ ನನಗೆ ಅವಕಾಶ ಕೊಟ್ಟರು. ಅಷ್ಟರಲ್ಲಿ ಕಾರಣ ಸಿಗದಿದ್ದರೆ ಸಿರಾಮಿಕ್ಕಿಗೆ ಹೋಗುವುದು, ತಡವಾಗುತ್ತದೆಂದು ಗ್ರಾಹಕರಿಗೆ ತಿಳಿಸುವುದು. ಬೆಂಕಿಯ ಕಾಲ ಶುರುವಾಗುವ ಮುಂಚೆ ಎಂಜಿನ್ ಬೇಕು, ಆಮೇಲೆ ಬೇಡ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು.

ತಪ್ಪು ರೈಲು

ಮಾರನೆಯ ದಿನ ವಸುಧಾ ನಸುಕಿನಲ್ಲೇ ಹೊರಟಿದ್ದಳು. ನಾನು ಸ್ವಲ್ಪ ದೂರ ರೈಲಿನಲ್ಲಿ, ಮುಂದೆ ಬಸ್ಸಿನಲ್ಲಿ ಬರುತ್ತೇನೆಂದೆ. ರೈಲಿನ ವೇಳಾಪಟ್ಟಿ ಓದುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಸನ್ನಿವೇಲ್ ನಿಲ್ದಾಣದಲ್ಲಿ ದಕ್ಷಿಣ ಯಾವ ಕಡೆ ಎಂದು ಸೂರ್ಯನನ್ನು ನೋಡಿ ನಿರ್ಧರಿಸಿ, ಯಾರನ್ನೂ ಕೇಳದೆ ಸರಿಯಾದ ಪ್ಲಾಟ್‌ಫಾರಂ ಹಿಡಿದೆ. ರೈಲು ಬಂತು, ಹತ್ತಿದೆ, ಕಿಟಕಿ ಪಕ್ಕ ಕುಳಿತೆ. ರೈಲು ಉತ್ತರಕ್ಕೆ, ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಹೊರಟಿತು.

ನಮ್ಮ ರೈಲುಗಳು ಜೋಡಿ ಹಳಿಯಲ್ಲಿ ಎಡಗಡೆಯದರ ಮೇಲೆ ಹೋಗುತ್ತವೆ. ಇವರವು ಬಲಗಡೆಯದರ ಮೇಲೆ. ಸೂರ್ಯ ಸರಿಯಾಗಿಯೇ ಇದ್ದ.

ಎದುರಿಗೆ ಸೈಕಲ್ ಹಿಡಿದುಕೊಂಡು ಕುಳಿತ ಒಬ್ಬ ಹೆಂಗಸು ಇದ್ದರು. ಇಲ್ಲಿ ಸೈಕಲ್ಲಿಗೂ ರೈಲಿನಲ್ಲಿ ಜಾಗವಿದೆ. ನಾನು ಮುಖ ಗಂಟಿಕ್ಕಿದ್ದು ನೋಡಿ, ಎಲ್ಲಿಗೆ ಹೋಗಬೇಕು ಎಂದು ಕೇಳಿ, ನಕ್ಕು, ಮುಂದಿನ ನಿಲ್ದಾಣದಲ್ಲಿ ಇಳಿದು ಹಳಿ ದಾಟಿಸಿ ಎದುರಿನ ಪ್ಲಾಟ್‌ಫಾರಂಗೇ ಬಿಟ್ಟರು. ನನಗಾಗಿ ಅವರ ರೈಲೂ ಹೋಯಿತು. ಕ್ಷಮಿಸಿ ಎಂದರೆ, "ಇವತ್ತು ನನ್ನ ಮೀಟಿಂಗು ಬೋರು, ಕಾರಣ ಸಿಕ್ಕಿತು" ಎಂದರು. ಬೆಂಗಳೂರಿನಲ್ಲೂ ಜನ ದಾರಿ ತೋರಿಸುತ್ತಾರೆ, ನಾಲ್ಕು ಜನ ನಾಲ್ಕು ದಾರಿ. ಈಕೆ ತಾನೇ ಇಳಿದುಬಿಟ್ಟರು.

ಮಾರ್ಗನ್ ಹಿಲ್ ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹೇಳದೆ ಕೇಳದೆ ತಡವಾದದ್ದು ನನ್ನ ಜೀವನದಲ್ಲಿ ಅಪರೂಪ. ಕಾರ್ತಿಕ್ ಮಾತ್ರ ಬಹಳ ಖುಷಿಯಾಗಿದ್ದ. "ಮೇಡಂ, ಸ್ಯಾನ್ ಫ್ರಾನ್ಸಿಸ್ಕೊ ಹೇಗಿದೆ?" ಎಂದು ಕೇಳಿದ. ಬಿರುಕಿನ ಸೂಕ್ಷ್ಮದರ್ಶಕದ ಚಿತ್ರಗಳನ್ನು ಮುಂದಿಟ್ಟುಕೊಂಡು ಕುಳಿತೆ. ಬಿರುಕಿನ ಬಾಯಲ್ಲಿ ಲೋಹ ಏನೋ ಕೊರೆದು ತಿಂದಂತೆ ಕಾಣುತ್ತಿತ್ತು. ಏನು ತಿಂದಿದೆಯೆಂಬುದು ಮಾತ್ರ ಆ ಚಿತ್ರದಲ್ಲಿರಲಿಲ್ಲ. ಅವತ್ತೂ ಮರುದಿನವೂ ಹಾಗೇ ಕಳೆದವು.

ಶುಕ್ರವಾರ

ಕಾರಣ ಸಿಗಲಿ ಬಿಡಲಿ, ಎರಡನೇ ಎಂಜಿನ್ನಿನ ಜೋಡಣೆ ಶುಕ್ರವಾರ ಎಂದು ಮೊದಲೇ ಗೊತ್ತಾಗಿತ್ತು. ರಮೋನ್ ಹೊಸ ಲೈನರನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟರು. ನಾನು ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದೆ. ವಸುಧಾ ಬಂದಳು, ಚಪ್ಪಲಿ ಬಿಟ್ಟಳು, ಹೆಗಲಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದಳು. ಅದರಲ್ಲಿದ್ದ ಕುಂಕುಮವನ್ನು ಎಣ್ಣೆಯಲ್ಲಿ ಕಲೆಸಿ ಉಂಗುರದ ಬೆರಳಿಗೆ ತೆಗೆದುಕೊಂಡು ಲೈನರಿನ ಕಡೆ ಬಗ್ಗಿದಳು.

"ವಸುಧಾ! ಕೈ ತೆಗಿ!"

ಆ ಧ್ವನಿಯನ್ನು ನಾನು ನಿವೃತ್ತಿಯ ದಿನ ಪ್ರಯೋಗಾಲಯದಲ್ಲೇ ಬಿಟ್ಟು ಬಂದೆನೆಂದುಕೊಂಡಿದ್ದೆ. ರಮೋನ್ ಕೈಯಿಂದ ಸ್ಪ್ಯಾನರ್ ಬಿತ್ತು. ಪಕ್ಕದ ಜಿಮ್ಮಿನಲ್ಲಿ ಯಾರೋ ಭಾರ ಇಳಿಸಿದ ಸದ್ದೂ ಕೇಳಿತು. ವಸುಧಾಳ ಬೆರಳು ಗಾಳಿಯಲ್ಲೇ ನಿಂತಿತು.

"ಯಾಕ್ರೀ ಮೇಡಂ? ಪೂಜಾ ಅಲ್ರೀ?"

"ಮೊದಲನೇ ಎಂಜಿನ್ನಿಗೂ ಹಚ್ಚಿದ್ದೆಯಾ?"

"ಹಚ್ಚದ ಇರ್ತೀನೇನ್ರೀ? ಅಷ್ಟು ಕಷ್ಟಪಟ್ಟು ಮಾಡಿದ ಎಂಜಿನ್!"

"ಎಲ್ಲಿ?"

"ಮ್ಯಾಲ ಹೊರಗ, ಆ ಮೂರು ಕೊಳವಿ ನೇರಕ್ಕ. ಉರಿ ಹುಟ್ಟೂ ಜಾಗಾ ಅದೇ ಅಲ್ರೀ, ಅದಕ್ಕ."

ನಾನು ರಮೋನ್ ಕಡೆ ತಿರುಗಿದೆ. ಜೋಡಿಸುವ ಮುಂಚೆ ದ್ರಾವಕದಲ್ಲಿ ಒರೆಸುತ್ತೇನೆಂದು ಹೇಳಿದ್ದಿರಿ, ಈ ಕೆಂಪು ಏನಾಯಿತು ಎಂದು ಕೇಳಿದೆ. ಅವರು ಎದೆ ಸೆಟೆಸಿ ನಿಂತು ಹೇಳಿದರು: ಅದು ದೇವರದ್ದು, ಅಳಿಸುವುದು ತಪ್ಪಾಗುತ್ತದೆ, ಆದ್ದರಿಂದ ಒಂದೊಂದು ಚುಕ್ಕಿಯ ಮೇಲೂ ಒಂದೊಂದು ಬಾಟಲಿ ಮುಚ್ಚಳ ಬೋರಲು ಹಾಕಿ, ಸುತ್ತ ಮಾತ್ರ ಒರೆಸಿದೆ. ಮುಚ್ಚಳ ತೆಗೆದಾಗ ಮೂರೂ ಚುಕ್ಕಿ ಇದ್ದ ಹಾಗೇ ಇದ್ದವಂತೆ.

"ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಿರಲಿಕ್ಕಿಲ್ಲ" ಎಂದೆ. ನಿಜವಾಗಿಯೂ ಮೆಚ್ಚಿಯೇ ಹೇಳಿದೆ.

"ಕಾರ್ತಿಕ್, ನಿನಗೆ ಇದು ಗೊತ್ತಿತ್ತೇ?"

"ಗೊತ್ತಿತ್ತು ಮೇಡಂ." ಅವನು ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿ ಮತ್ತೆ ಹೊರಗೆಳೆದ. "ಯು ಆರ್ ರಾಂಗ್ ಅಂತ ದಿನಾ ಹೇಳ್ತೀನಿ, ಆದ್ರೆ ಪೂಜೆ ಮಾಡುವಾಗ ಹೇಗೆ ಹೇಳೋದು? ನಮ್ಮಮ್ಮಂಗೆ ಗೊತ್ತಾದ್ರೆ ನನ್ನನ್ನ ಮನೆಗೆ ಸೇರಿಸಲ್ಲ."

ಕೇಳಿದಾಗ ಯಾರೂ ಹೇಳಲಿಲ್ಲವಲ್ಲ ಎಂದು ನಿಮಗನ್ನಿಸಬಹುದು. ಅವರು ಮುಚ್ಚಿಟ್ಟದ್ದಲ್ಲ. ಏನೇನು ತಗುಲಿತು ಎಂದು ನಾನು ಕೇಳಿದ್ದು ಕೆಲಸದ ಬಗ್ಗೆ, ಪೂಜೆ ಅವರ ಪಾಲಿಗೆ ಕೆಲಸದ ಲೆಕ್ಕಕ್ಕೇ ಬಂದಿರಲಿಲ್ಲ. ನಮ್ಮ ಪ್ರಯೋಗಾಲಯದಲ್ಲೂ ಆಯುಧಪೂಜೆ ಜೋರಾಗಿಯೇ ನಡೆಯುತ್ತಿತ್ತು. ಲೇತಿಗೆ, ಬಾಗಿಲಿಗೆ, ಉಪಕರಣದ ಪೆಟ್ಟಿಗೆಗೆ ಕುಂಕುಮ. ಉರಿ ಕಾಣುವ ಭಾಗಗಳು ಮಾತ್ರ ಅವತ್ತು ಬೀಗ ಹಾಕಿದ ಕೋಣೆಯಲ್ಲಿರುತ್ತಿದ್ದವು. ಯಾಕೆಂದು ಯಾರೂ ವಿವರಿಸುತ್ತಿರಲಿಲ್ಲ, ಬೀಗ ಹಾಕಿದ್ದರೆ ಸಾಕಾಗಿತ್ತು. ವಸುಧಾ ಅಲ್ಲಿಂದ ಪೂಜೆಯನ್ನು ತಂದಿದ್ದಳು. ಬೀಗ ಅಲ್ಲೇ ಉಳಿದಿತ್ತು.

ಅಂಗಡಿಯಲ್ಲಿ ಒಂದು ಉಪಕರಣವಿದೆ, ಪಿಸ್ತೂಲಿನ ಆಕಾರದ್ದು. ಲೋಹಕ್ಕೆ ಗುರಿಯಿಟ್ಟು ಒತ್ತಿದರೆ ಅದರಲ್ಲಿ ಏನೇನಿದೆ ಎಂದು ಪರದೆಯ ಮೇಲೆ ಬರೆಯುತ್ತದೆ. ಬಿರುಕಿನೊಳಗೆ ಉಳಿಯುವಂಥ ಕೂದಲೆಳೆಯಷ್ಟು ಕಲೆ ಮಾತ್ರ ಅದರ ಕಣ್ಣಿಗೆ ಬೀಳುವುದಿಲ್ಲ. ನನ್ನ ಅಯಸ್ಕಾಂತದ ಮೊಮ್ಮಗ ಎನ್ನಬಹುದು. ಅದನ್ನು ಡಬ್ಬಿಯ ಕೆಂಪಿಗೆ ಹಿಡಿಯಲು ಹೇಳಿದೆ. ಕಾರ್ತಿಕ್ ಒತ್ತಿದ, ಓದಿದ, ಮತ್ತೊಮ್ಮೆ ಒತ್ತಿದ.

"ಸೀಸ" ಎಂದ. "ಮೇಡಂ, ಇದರ ತುಂಬಾ ಸೀಸ ಇದೆ."

ಅರಿಸಿನದಿಂದ ಮಾಡಿದ ಕುಂಕುಮವಲ್ಲ, ಯಾರೋ ಬಣ್ಣದ ಪುಡಿ ತುಂಬಿ ಮಾರಿದ್ದು. ಡಬ್ಬಿಯ ಮೇಲೆ ಹೆಸರು ಕೂಡ ಇರಲಿಲ್ಲ. ಕಾದ ನಿಕಲ್ಲಿಗೆ ಸೀಸ ಎಂದರೆ ಮರಕ್ಕೆ ಗೆದ್ದಲು. ಬೆಳಗಾಗುವುದರೊಳಗೆ ಒಳಗಿನ ಸಂದುಗಳಿಗೆ ಇಳಿದು ಸಡಿಲಿಸುತ್ತದೆ. ನನಗೆ ಕುಣಿಯಬೇಕೆನ್ನಿಸಿತು. ಆದರೆ ವಸುಧಾಳ ಮುಖ ನೋಡಿ ಸುಮ್ಮನಾದೆ.

"ಮೇಡಂ, ಹಬ್ಬದಾಗ ಅನಿಕಾನ ಹಣಿಗೂ ಇದನ್ನ ಹಚ್ಚೀನ್ರೀ" ಎಂದಳು. ಸೀಸ ಮಕ್ಕಳ ಮೈಗೂ ವಿಷವೇ.

ಎಂಜಿನ್ ಕೆಲಸ ನಿಲ್ಲಿಸಿದೆವು. ಅವಳನ್ನು ಮನೆಗೆ ಕಳಿಸಿ, ಮಗುವಿನ ರಕ್ತ ಪರೀಕ್ಷೆ ಮಾಡಿಸಲು ಹೇಳಿದೆ. ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಹೇಳುವವರೆಗೆ ನಾವ್ಯಾರೂ ಬಿರುಕಿನ ಹೆಸರೆತ್ತಲಿಲ್ಲ. ಎತ್ತಿದವಳು ವಸುಧಾಳೇ. ಸೋಮವಾರ ಬೆಳಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತು, "ನಡೀರಿ ಮೇಡಂ, ಇನ್ನ ನಿಮ್ಮ ಲೋಹಾನ ಈ ಅಪವಾದದಿಂದ ಬಿಡಿಸೂಣು" ಎಂದಳು.

ಕುಲುಮೆ

ಕಾರ್ತಿಕ್ ಇನ್ನೂ ಪೂರ್ತಿ ಒಪ್ಪಿರಲಿಲ್ಲ. "ಕೋಇನ್ಸಿಡೆನ್ಸ್ ಇರಬಹುದಲ್ಲ ಮೇಡಂ?" ಎಂದ. ಸರಿಯಾದ ಮಾತು. ಗ್ರಾಹಕರ ಮುಂದೆ ನಿಂತು ಕುಂಕುಮ ಎಂದು ಹೇಳಬೇಕಾದವನು ಅವನು, ಬರೀ ನನ್ನ ಮಾತಿನ ಮೇಲೆ ಹೇಳಬಾರದು.

ಅದೇ ತಗಡಿನಿಂದ ಎರಡು ಪಟ್ಟಿ ಕತ್ತರಿಸಿದೆವು. ಒಂದನ್ನು ತೊಳೆದು ಇಟ್ಟೆವು. ಇನ್ನೊಂದರ ನಡುವೆ ಆ ಡಬ್ಬಿಯ ಕೆಂಪಿನ ಚುಕ್ಕಿ. ಎರಡನ್ನೂ ಒಂದೇ ಕುಲುಮೆಯಲ್ಲಿ, ಅಕ್ಕಪಕ್ಕ, ಎಂಜಿನ್ನಿನಲ್ಲಿ ಆಗುವಷ್ಟೇ ಬಿಸಿಯಲ್ಲಿ ಬಿಟ್ಟೆವು. ಮರುದಿನ ತೆಗೆದು ತಣಿಸಿ ಇಕ್ಕಳದಂತೆ ಬಿಗಿಹಿಡಿಯುವ ವೈಸಿಗೆ ಸಿಕ್ಕಿಸಿದೆವು. ಬಗ್ಗಿಸುವ ಕೆಲಸ ಕಾರ್ತಿಕನದೇ ಆಗಲಿ ಎಂದೆ.

ಶುಭ್ರವಾದ ಪಟ್ಟಿ ಹೋಳಿಗೆ ಮಡಿಸಿದ ಹಾಗೆ ಮಡಿಸಿಕೊಂಡಿತು. ಎರಡನೆಯದನ್ನು ಹಿಡಿದು ಒತ್ತಿದ.

ಟಿಕ್.

ತುಂಡು ನೆಲದ ಮೇಲೆ ಬಿದ್ದು ಉರುಳಿತು. ಒಡೆದದ್ದು ಚುಕ್ಕಿಯ ನಟ್ಟ ನಡುವೆ. ಹೊಸ ಬಿರುಕಿನ ಪಕ್ಕದಲ್ಲಿ ಹಳೆಯ ಲೈನರನ್ನು ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಣ್ಣ ತಮ್ಮಂದಿರ ಹಾಗಿದ್ದವು.

"ಓಕೆ" ಎಂದ ಕಾರ್ತಿಕ್, ಕೈಯಲ್ಲಿದ್ದ ಅರ್ಧ ಪಟ್ಟಿ ನೋಡುತ್ತ. "ಓಕೆ ಮೇಡಂ. ಐ ವಾಸ್ ರಾಂಗ್."

"ಬಾಳೆಹಣ್ಣು ಇಲ್ಲದೆ ಹೇಳಿದೆಯಲ್ಲ, ಸಂತೋಷ" ಎಂದೆ. ವಸುಧಾ ಹೊಟ್ಟೆ ಹಿಡಿದು ನಕ್ಕಳು. ಆ ವಾರದಲ್ಲಿ ಅವಳು ಹಾಗೆ ನಕ್ಕದ್ದು ಅದೇ ಮೊದಲು. ರಮೋನ್ ಮಾತ್ರ ನೆಲದ ಮೇಲಿನ ತುಂಡನ್ನು ಎತ್ತಿಕೊಂಡು, "ಹಾಗಾದರೆ ನಾನು ಒರೆಸಿಬಿಟ್ಟಿದ್ದರೆ ಸರಿಹೋಗುತ್ತಿತ್ತೇ?" ಎಂದು ಕೇಳಿದರು. ಹೌದು ಎಂದೆ. "ಆದರೂ ನಾನು ಒರೆಸುತ್ತಿರಲಿಲ್ಲ" ಎಂದರು. ಅವರ ಅಜ್ಜಿ ಕೆಲಸದ ಬೆಂಚಿನ ಮೇಲೆ ಇಡುತ್ತಿದ್ದ ಮೇಣದಬತ್ತಿಯನ್ನೂ ಅವರ ತಂದೆ ಯಾವತ್ತೂ ಆರಿಸಿರಲಿಲ್ಲವಂತೆ.

ಪರೀಕ್ಷೆಯ ದಿನ

ಗ್ರಾಹಕರ ಪರವಾಗಿ ಪ್ಲೆಸೆಂಟನ್ನಿನಿಂದ ಬಂದವರು ಡೆನಿಸ್ ಎಂಬ ಎತ್ತರದ ಹೆಂಗಸು. ಹಿಂದೆ ಬೆಂಕಿ ಆರಿಸುವ ಪಡೆಯಲ್ಲಿದ್ದವರು. ಅವರು ಕೈ ಕುಲುಕಿ ಬಿಟ್ಟ ಮೇಲೆ ನನ್ನ ಬೆರಳುಗಳೆಲ್ಲ ಇವೆಯೇ ಎಂದು ಎಣಿಸಿಕೊಂಡೆ. ಬಂದವರೇ, "ನಾನು ಸ್ಲೈಡು ನೋಡುವುದಿಲ್ಲ, ಎಂಜಿನ್ ಓಡಿಸಿ" ಎಂದರು. ನನಗೆ ಇಂಥವರ ಜೊತೆ ಇಡೀ ವೃತ್ತಿ ಕಳೆಯಲು ಸಿಗಬಾರದಿತ್ತೇ ಎನ್ನಿಸಿತು.

ಶುರುಮಾಡುವ ಮುಂಚೆ ವಸುಧಾ ನನ್ನ ಪಕ್ಕಕ್ಕೆ ಬಂದಳು. ಅವಳ ಕೈಯಲ್ಲಿ ಸ್ಟೀಲಿನ ಬಟ್ಟಲು. ಹಿಂದಿನ ಸಂಜೆ ಗ್ರೋಸರಿಯಿಂದ ಅರಿಸಿನ ತಂದು, ಸುಣ್ಣ ಸೇರಿಸಿ, ತಾನೇ ಕಲೆಸಿದ ಕುಂಕುಮ.

"ಮೇಡಂ, ಹಚ್ಚದ ನನಗ ಸ್ವಿಚ್ ಒತ್ತಾಕ ಆಗೂದಿಲ್ರೀ. ಏನ ಮಾಡ್ಲಿ?"

"ಬೇಡ ಅಂತ ಯಾರು ಹೇಳಿದರು?" ಎಂದೆ. ಎಂಜಿನ್ನನ್ನು ಹೊತ್ತು ನಿಂತ ಕಬ್ಬಿಣದ ಚೌಕಟ್ಟಿಗೆ ನಾಲ್ಕು ಕಾಲಿವೆ. ಬಿಸಿ ಅಲ್ಲಿಗೆ ಬರುವುದಿಲ್ಲ. "ಈ ಮುಂದಿನ ಎಡಗಾಲಿಗೆ ಹಚ್ಚು. ಎಂಜಿನ್ನಿನ ಭಾರವೆಲ್ಲ ಹೊರುವುದು ಈ ಕಾಲುಗಳು, ಅವಕ್ಕೇ ಮೊದಲು ಪೂಜೆ ಸಲ್ಲಬೇಕು."

ಅವಳು ಬಗ್ಗಿ ಹಚ್ಚಿದಳು. ಪಕ್ಕದಲ್ಲಿ ರಮೋನ್ ಟೊಪ್ಪಿ ತೆಗೆದು ನಿಂತರು. ಕಾರ್ತಿಕ್ ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿ ಬೇಗ ಕೈಮುಗಿದ.

ಗಾಜಿನ ಹಿಂದೆ ನಿಂತು, ಕಿವಿ ಮುಚ್ಚುವ ಟೊಪ್ಪಿ ಹಾಕಿಕೊಂಡೆವು. ವಸುಧಾ ಸ್ವಿಚ್ ಒತ್ತಿದಳು. ಮೊದಲು ಶೀಟಿಯಂತೆ ಎದ್ದ ಸದ್ದು ಏರುತ್ತ ಏರುತ್ತ ಎದೆಗೂಡಿನೊಳಗೆ ಬಂದು ಕೂತಿತು. ಹಿಂಬಾಯಿ ಕೆಂಪಗಾಯಿತು. ಮೊದಲನೇ ಎಂಜಿನ್ ಬಿರುಕು ಬಿಟ್ಟ ಹೊತ್ತು ಬಂತು. ಯಾರೂ ಯಾರನ್ನೂ ನೋಡಲಿಲ್ಲ. ಆ ಹೊತ್ತು ದಾಟಿತು. ವಸುಧಾ ನನ್ನ ಮೊಣಕೈ ಹಿಡಿದಿದ್ದಳು, ಬಿಡಲಿಲ್ಲ. ಎಂಜಿನ್ ಆರಿಸಿದರು, ಮತ್ತೆ ಹೊತ್ತಿಸಿದರು, ಬಿಸಿಯಲ್ಲೇ ತಣ್ಣನೆ ಗಾಳಿ ನುಗ್ಗಿಸಿದರು, ಮತ್ತೆ ಹೊತ್ತಿಸಿದರು. ಲೋಹ ಎಲ್ಲಕ್ಕೂ ಹೂಂ ಎಂದಿತು. ಡೆನಿಸ್ ಗಡಿಯಾರ ನೋಡುವುದನ್ನು ಬಿಟ್ಟು ಉರಿಯನ್ನೇ ನೋಡುತ್ತಿದ್ದರು. ಕೊನೆಗೆ ಅವರು ಕೇಳಿದ್ದಷ್ಟೂ ಮುಗಿದು ಸದ್ದು ಇಳಿದಾಗ, ರಮೋನ್ ಸ್ಪ್ಯಾನಿಷಿನಲ್ಲಿ ಏನೋ ಕೂಗಿದರು. ಅರ್ಥ ಕೇಳುವ ಅಗತ್ಯವಿರಲಿಲ್ಲ.

ತಣಿದ ಮೇಲೆ ಲೈನರನ್ನು ಹೊರತೆಗೆದು ಬಿಳಿ ಬಟ್ಟೆಯ ಮೇಲಿಟ್ಟರು. ನಾನು ಭೂತಗನ್ನಡಿಯನ್ನು ಡೆನಿಸ್ ಕೈಗೇ ಕೊಟ್ಟೆ. ಅವರು ಒಳಗೂ ಹೊರಗೂ ನಿಧಾನವಾಗಿ ನೋಡಿದರು. ಎಲ್ಲೂ ಒಂದು ಗೆರೆಯಿರಲಿಲ್ಲ.

"ಯಾವ ಹೊಸ ಲೋಹಕ್ಕೆ ಹೋದಿರಿ?" ಎಂದು ಕೇಳಿದರು.

"ಮೇಡಂ, ನೀವ ಹೇಳ್ರಿ" ಎಂದಳು ವಸುಧಾ.

"ಅದೇ ಲೋಹ" ಎಂದೆ. ಇಷ್ಟು ಸಣ್ಣ ಮಾತು ಹೇಳುವುದಕ್ಕೆ ಅರ್ಧ ಭೂಮಿ ಸುತ್ತಿ ಬಂದದ್ದು ಸಾರ್ಥಕ ಎನ್ನಿಸಿತು.

"ಹಾಗಾದರೆ ವಿನ್ಯಾಸ ಬದಲಾಯಿಸಿದಿರಾ?"

"ಇಲ್ಲ" ಎಂದ ಕಾರ್ತಿಕ್.

"ಮತ್ತೆ ಏನನ್ನು ಬದಲಾಯಿಸಿದಿರಿ?"

ಉತ್ತರ ಕೊಟ್ಟವರು ರಮೋನ್. "ಪ್ರಾರ್ಥನೆಯನ್ನು ಸ್ವಲ್ಪ ಕೆಳಗೆ ಸರಿಸಿದೆವು."

ಡೆನಿಸ್ ನಗಲಿಲ್ಲ. ಪೂರ್ತಿ ಹೇಳಿ ಎಂದರು. ಕಾರ್ತಿಕ್ ಹೇಳಿದ: ಚುಕ್ಕಿ, ಮುಚ್ಚಳ, ಸೀಸ, ಮುರಿದ ಪಟ್ಟಿ, ಒಂದನ್ನೂ ಬಿಡದೆ, ತಲೆಯೆತ್ತಿ ಹೇಳಿದ. ಅವರು ಎರಡು ಪಟ್ಟಿಗಳನ್ನೂ ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಚೌಕಟ್ಟಿನ ಹತ್ತಿರ ಹೋಗಿ ಮಂಡಿಯೂರಿ, ಎಡಗಾಲಿನ ಮೇಲಿನ ಕೆಂಪನ್ನು ಪರೀಕ್ಷಿಸಿದರು.

"ನಮ್ಮ ಹುಡುಗರೂ ಎಂಜಿನ್ನಿನ ಮೇಲೆ ಹೆಸರು ಗೀಚುತ್ತಾರೆ, ಸ್ಟಿಕ್ಕರ್ ಅಂಟಿಸುತ್ತಾರೆ, ಅದೃಷ್ಟಕ್ಕೆ ಅಂತ" ಎಂದರು ಎದ್ದು ನಿಂತು. "ಬೇಡ ಎಂದರೆ ಕದ್ದು ಮಾಡುತ್ತಾರೆ. ನೀವು ಕಳಿಸುವ ಎಲ್ಲ ಎಂಜಿನ್ನಿಗೂ ಜಾಗ ಗೊತ್ತುಮಾಡಿ. ನಕ್ಷೆಯಲ್ಲಿ ಬರೆಯಿರಿ."

ಎಲ್ಲ ಎಂಜಿನ್ನಿಗೂ ಎಂದಾಗಲೇ ಆರ್ಡರು ನಮ್ಮದೇ ಎಂದು ಗೊತ್ತಾಯಿತು. ವಸುಧಾ ಕುರ್ಚಿ ಹುಡುಕಿಕೊಂಡು ಕುಳಿತುಬಿಟ್ಟಳು.

ಕಾರ್ತಿಕ್ ಅವತ್ತೇ ನಕ್ಷೆ ತಿದ್ದಿದ. ಎಂಜಿನ್ನಿನ ಜೊತೆಗೇ ಕಳಿಸುವ ಚೌಕಟ್ಟಿನ ಮುಂದಿನ ಎಡಗಾಲು, ತಳದಿಂದ ಎತ್ತರ ಇಷ್ಟು, ಚುಕ್ಕಿಯ ವ್ಯಾಸ ಇಷ್ಟು, ಹೆಚ್ಚು ಕಡಿಮೆ ಆಗಬಹುದಾದದ್ದು ಇಷ್ಟು. ಪರಿಶೀಲಿಸಿದವರು ಎಂಬ ಜಾಗದಲ್ಲಿ ನಾನು ಸಹಿ ಹಾಕಬೇಕೆಂದು ತಂದುಕೊಟ್ಟ. ವ್ಯಾಸ ಸ್ವಲ್ಪ ಚಿಕ್ಕದಾಯಿತು, ವಸುಧಾಳ ಬೆರಳಿನ ಅಳತೆ ತೆಗೆದು ಬಾ ಎಂದು ವಾಪಸು ಕಳಿಸಿದೆ.